ಹಡಗು ಬಾರದ ವರ್ಷಗಳು: ತರಂಗಂಬಾಡಿಯ ಕೋಟೆ ಮ್ಯೂಸಿಯಂನಲ್ಲಿ

ಪಾಂಡಿಚೇರಿಗೆ ಬೆಂಗಳೂರಿನ ಅರ್ಧ ಜನ ಹೋಗಿ ಬಂದಿರ್ತಾರೆ, ವೇಳಾಂಕಣಿಗೂ ಹೋಗಿರ್ತಾರೆ, ಶನಿಕಾಟ ಅಂತ ತಿರುನಳ್ಳಾರಿಗೂ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬಂದಿರ್ತಾರೆ, ಆದ್ರೆ ಅದೇ ದಾರೀಲಿ ಸಮುದ್ರದ ಅಂಚಿಗೆ ಅಂಟ್ಕೊಂಡಿರೋ ತರಂಗಂಬಾಡಿಗೆ ಹೋದವರು ಸಿಗೋದು ಕಡಿಮೆ. ಅವರ ತಪ್ಪೇನಿಲ್ಲ. ಆ ಊರಿಗೆ ರೈಲೇ ಇಲ್ಲ. ಒಂದು ಕಾಲದಲ್ಲಿ ಮೈಲಾಡುತುರೈಯಿಂದ ಮೀಟರ್ ಗೇಜ್ ಲೈನ್ ಇತ್ತು, 1926ರಲ್ಲಿ ಹಾಕಿದ್ದು, 1986ರಲ್ಲಿ ನಿಲ್ಲಿಸಿಬಿಟ್ರು. ಈಗ ಮೈಸೂರಿಂದ ಬೆಂಗಳೂರು ಮೇಲೆ ಹೋಗೋ ರೈಲಲ್ಲಿ ಬೆಳಗಿನ ಹೊತ್ತಿಗೆ ಮೈಲಾಡುತುರೈಯಲ್ಲಿ ಇಳಿದು, ಒಂದು ಫಿಲ್ಟರ್ ಕಾಫಿ ಕುಡಿದು, ಬಸ್ ಹತ್ಕೊಂಡು ಗದ್ದೆ, ತೆಂಗು, ಮತ್ತೆ ಗದ್ದೆ, ಹೀಗೆ ಸುಮಾರು ಮೂವತ್ತು ಕಿಲೋಮೀಟರ್ ಹೋದ್ರೆ ಊರು.

ನಾನು ಹೋಗಿದ್ದು ಚಿಕ್ಕಪ್ಪನ ಜೊತೆ. ಅವರು ಮೈಸೂರಲ್ಲಿ ಒಂದು ಸಣ್ಣ ಪ್ರೆಸ್ಸಲ್ಲಿ ಮೊಳೆ (ಅಚ್ಚಿಗೆ ಬಳಸೋ ಸೀಸದ ಅಕ್ಷರ) ಜೋಡಿಸೋ ಕೆಲಸ ಮಾಡ್ತಿದ್ದೋರು, ಕಂಪ್ಯೂಟರಲ್ಲೇ ಅಕ್ಷರ ಜೋಡಿಸೋ ಡಿಟಿಪಿ ಬಂದು ಆ ಕೆಲಸ ಹೋಗೋವರೆಗೂ ಅದನ್ನೇ ಮಾಡಿದ್ರು. ಈಗ್ಲೂ ಮದುವೆ ಕಾರ್ಡ್ ಕೈಗೆ ಕೊಟ್ರೆ ಮೊದಲು ನೋಡೋದು ಹುಡುಗ ಹುಡುಗಿ ಹೆಸರಲ್ಲ, ಅಕ್ಷರದ ಮಧ್ಯೆ ಬಿಟ್ಟಿರೋ ಜಾಗ. ತರಂಗಂಬಾಡಿಯಲ್ಲಿ ಮುನ್ನೂರು ವರ್ಷದ ಹಿಂದೆ ತಮಿಳು ಮೊಳೆ ಎರಕ ಹೊಯ್ದಿದ್ರು ಅಂತ ಎಲ್ಲೋ ಓದಿದ್ರಂತೆ, ಅದಕ್ಕೆ ಹೊರಟಿದ್ದು. ನನಗೆ ಕೋಟೆ, ಅವರಿಗೆ ಮೊಳೆ.

ಕೋಟೆ ಡೇನರದ್ದು. ಹೌದು, ಡೆನ್ಮಾರ್ಕ್‌ನವರದ್ದು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಫ್ರೆಂಚರು ಅಂತ ಸ್ಕೂಲಲ್ಲಿ ಉರು ಹೊಡೆದ ಲಿಸ್ಟಲ್ಲಿ ಇವರು ಕೊನೇಲಿ ಒಂದು ಸಾಲಲ್ಲಿ ಬರ್ತಿದ್ರು, ಪರೀಕ್ಷೆಗೆ ಕೇಳಲ್ಲ ಅಂತ ಮೇಷ್ಟ್ರೂ ಬಿಟ್ಬಿಡ್ತಿದ್ರು. ಹಾಗೆ ಬಿಟ್ಟುಹೋದವರು ಇಲ್ಲಿ 1620ರಿಂದ 1845ರವರೆಗೆ, ಅಂದ್ರೆ ಇನ್ನೂರ ಇಪ್ಪತ್ತೈದು ವರ್ಷ ಇದ್ರು (ನಡುವೆ ನೆಪೋಲಿಯನ್ ಯುದ್ಧದ ಕಾಲದಲ್ಲಿ ಇಂಗ್ಲಿಷರು ಕಿತ್ಕೊಂಡಿದ್ದು ಬಿಟ್ರೆ). ಕೋಟೆ ಹೆಸರು ಡ್ಯಾನ್ಸ್‌ಬೋರ್ಗ್. ನಮ್ಮ ಚಿತ್ರದುರ್ಗ ನೋಡಿದ ಕಣ್ಣಿಗೆ ಇದನ್ನ ಕೋಟೆ ಅನ್ನೋಕೆ ಸ್ವಲ್ಪ ಕಷ್ಟ ಆಗುತ್ತೆ, ಸುತ್ತಲೂ ಗೋಡೆ, ಒಳಗೆ ದೊಡ್ಡ ಅಂಗಳ, ಸಮುದ್ರದ ಕಡೆಗೆ ಉದ್ದಕ್ಕೆ ಎರಡಂತಸ್ತಿನ ಕಟ್ಟಡ, ಅಷ್ಟೇ. ಕೆಳಗಿನ ಅಂತಸ್ತಲ್ಲಿ ಕಮಾನು ಚಾವಣಿಯ ರೂಮುಗಳು: ಉಗ್ರಾಣ, ಮದ್ದಿನ ಮನೆ, ಜೈಲು. ಮೇಲೆ ಗವರ್ನರ್ ಮನೆ, ಒಂದು ಕಾಲದಲ್ಲಿ ಅಲ್ಲೇ ಚರ್ಚು ಕೂಡ. ಈಗ ಮೇಲೆ ಮ್ಯೂಸಿಯಂ. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ವರ್ಷ ಈ ಕೋಟೆ ಪ್ರವಾಸಿ ಬಂಗಲೆ ಆಗಿತ್ತು, 1978ರಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ತಗೊಂಡು ಮ್ಯೂಸಿಯಂ ಮಾಡಿತು.

ಸಣ್ಣ ಊರಿನ ಮ್ಯೂಸಿಯಂಗಳು ಅಂದ್ರೆ ನನಗೊಂದು ಹುಚ್ಚು, ಅದನ್ನ ಮೊದಲೇ ಹೇಳಿಬಿಡ್ತೀನಿ. ದೊಡ್ಡ ಮ್ಯೂಸಿಯಂಗಳಲ್ಲಿ ಲೈಟಿಂಗ್ ಚೆನ್ನಾಗಿರುತ್ತೆ, ಎಸಿ ಇರುತ್ತೆ, ಆಡಿಯೋ ಗೈಡ್ ಇರುತ್ತೆ, ಆದ್ರೆ ಅಲ್ಲಿರೋ ಪ್ರತಿ ವಸ್ತೂನೂ ಎಲ್ಲಿಂದಲೋ ಎತ್ಕೊಂಡು ಬಂದಿದ್ದು, ಹೊರಗಡೆ ರಸ್ತೆಗೂ ಅದಕ್ಕೂ ಸಂಬಂಧ ಇರಲ್ಲ. ಸಣ್ಣ ಊರಲ್ಲಿ ಹಾಗಲ್ಲ. ಗಾಜಿನ ಪೆಟ್ಟಿಗೇಲಿ ಇಟ್ಟಿರೋದರ ಇನ್ನರ್ಧ ಆಚೆ ಬೀದೀಲಿ ಬಿದ್ದಿರುತ್ತೆ. ಡ್ಯಾನ್ಸ್‌ಬೋರ್ಗಲ್ಲೂ ಅದೇ. ಒಳಗೆ ಚೀನಾ ಪಿಂಗಾಣಿ ಚೂರುಗಳು, ಟೀ ಜಾಡಿಗಳು, ಗಾಜಿನ ಸಾಮಾನು, ಬಳಪದ ಕಲ್ಲಿನ ದೀಪ, ಸುಟ್ಟ ಮಣ್ಣಿನ ಗೊಂಬೆಗಳು, ಗಾರೆ ಮೂರ್ತಿಗಳು, ಕತ್ತಿ, ಬಾಕು, ಈಟಿ, ಡೇನಿಷ್ ಕಾಗದ ಪತ್ರ, ಜೊತೆಗೆ ಒಂದು ತಿಮಿಂಗಿಲದ ಮೂಳೆ. ತಿಮಿಂಗಿಲ ಯಾಕೆ ಅಂತ ಕೇಳಬಾರದು, ಸಮುದ್ರದ ಊರಿನ ಮ್ಯೂಸಿಯಂ ಅಂದ್ಮೇಲೆ ಒಂದು ತಿಮಿಂಗಿಲದ ಮೂಳೆ ಇದ್ದೇ ಇರುತ್ತೆ, ಎಲ್ಲರೂ ಅದರ ಮುಂದೆನೇ ಫೋಟೋ ತೆಗೆಸ್ಕೊಳ್ಳೋದು. ನಾವೂ ತೆಗೆಸ್ಕೊಂಡ್ವಿ.

ಲೇಬಲ್‌ಗಳು ಪುಟ್ಟವು. ನನಗೆ ಅದರಿಂದ ಬೇಜಾರೇನಿಲ್ಲ, ಯಾಕಂದ್ರೆ ಕಥೆ ಸ್ವಲ್ಪ ಓದ್ಕೊಂಡು ಹೋಗಿದ್ದೆ, ಮತ್ತೆ ಆ ಕಥೆ ಯಾವ ಲೇಬಲ್ಲಿಗೂ ಹಿಡಿಸೋವಂಥದ್ದಲ್ಲ.

ಡೆನ್ಮಾರ್ಕ್ ರಾಜ ನಾಲ್ಕನೇ ಕ್ರಿಶ್ಚಿಯನ್ 1616ರಲ್ಲಿ ಒಂದು ಈಸ್ಟ್ ಇಂಡಿಯಾ ಕಂಪನಿಗೆ ಅಪ್ಪಣೆ ಕೊಟ್ಟ, ಡಚ್ಚರು ಇಂಗ್ಲಿಷರು ಮೆಣಸಲ್ಲಿ ದುಡ್ಡು ಮಾಡ್ತಿದಾರೆ ನಾವ್ಯಾಕೆ ಮಾಡಬಾರದು ಅಂತ. 1618ರಲ್ಲಿ ಹಡಗುಗಳು ಹೊರಟವು, ಮುಖಂಡ ಓವೆ ಗೆಡ್ಡೆ ಅನ್ನೋ ಹುಡುಗ, ಇನ್ನೂ ಇಪ್ಪತ್ತೈದೂ ತುಂಬಿರಲಿಲ್ಲ. ಅವರು ಹೊರಟಿದ್ದು ಇಲ್ಲಿಗಲ್ಲ, ಸಿಲೋನಿಗೆ. ಕ್ಯಾಂಡಿ ರಾಜನ ಕಡೆಯಿಂದ ಬಂದೀನಿ ಅಂತ ಹೇಳ್ಕೊಂಡ ಒಬ್ಬ ಡಚ್ಚ ರಾಯಭಾರಿ ಡೆನ್ಮಾರ್ಕಲ್ಲಿ ಏನೇನೋ ಆಸೆ ಹುಟ್ಟಿಸಿದ್ದ, ಅವನು ದಾರಿಯಲ್ಲೇ ಸತ್ತ, ಸಿಲೋನಿಗೆ ಹೋಗಿ ನೋಡಿದ್ರೆ ಅಲ್ಲಿ ಅಂದ್ಕೊಂಡ ಹಾಗೆ ಏನೂ ಕೈಗೂಡಲಿಲ್ಲ. ಮುಂಚೆನೇ ಕಳಿಸಿದ್ದ ಓರೆಸುಂಡ್ ಅನ್ನೋ ಹಡಗನ್ನ ಪೋರ್ಚುಗೀಸರು ಕಾರೈಕಾಲ್ ಹತ್ತಿರ ಮುಳುಗಿಸಿದ್ರು, ಸತ್ತವರಲ್ಲಿ ಇಬ್ಬರ ತಲೆಗಳನ್ನ ಕಡಲ ದಡದಲ್ಲಿ ಕಂಬಕ್ಕೆ ಸಿಕ್ಕಿಸಿದ್ರು. ಆದ್ರೆ ಅದರ ಮೇಲಿದ್ದ ರೋಲಾಂಟ್ ಕ್ರಾಪೆ ಅನ್ನೋನು ಇನ್ನೊಂದಷ್ಟು ಜನರ ಜೊತೆ ದಡ ಸೇರಿ, ಹಿಡಿದವರ ಕೈಲಿ ತಂಜಾವೂರಿನ ರಘುನಾಥ ನಾಯಕನ ಮುಂದೆ ಹೋಗಿ ನಿಂತ. ಅಲ್ಲಿಂದ ಕಥೆ ತಿರುಗ್ತು. ಪೋರ್ಚುಗೀಸರ ಕೈಯಲ್ಲೇ ಎಲ್ಲಾ ವ್ಯಾಪಾರ ಸಿಕ್ಕಿಹಾಕಿಕೊಳ್ಳೋದು ನಾಯಕನಿಗೂ ಬೇಡವಾಗಿತ್ತು. 1620ರ ನವೆಂಬರಲ್ಲಿ ಒಪ್ಪಂದ ಆಯ್ತು, ಮೀನುಗಾರರ ಒಂದು ಹಳ್ಳಿ, ಕೋಟೆ ಕಟ್ಟೋಕೆ ಜಾಗ, ವರ್ಷ ವರ್ಷ ಬಾಡಿಗೆ. ನಾಯಕ ಚಿನ್ನದ ತಗಡಿನ ಮೇಲೆ ತಮಿಳಲ್ಲಿ ಬರೆಸಿ ಡೆನ್ಮಾರ್ಕ್ ರಾಜನಿಗೆ ಕಳಿಸಿದ ಪತ್ರ ಈಗ್ಲೂ ಕೋಪನ್‌ಹೇಗನ್‌ನಲ್ಲಿದೆ.

ಇಲ್ಲಿವರೆಗಿನದ್ದು ಎಲ್ಲಾ ಕಡೆ ಸಿಗೋ ಕಥೆ. ನನ್ನ ತಲೆ ಕೆಡಿಸಿದ್ದು ಇದರ ಮುಂದಿನದು.

ಡೆನ್ಮಾರ್ಕ್ ಯುರೋಪಿನ ಯುದ್ಧಗಳಲ್ಲಿ ದಿವಾಳಿ ಎದ್ದು ಹೋಯ್ತು. ಕಂಪನಿ ಹತ್ರ ದುಡ್ಡಿಲ್ಲ. ಹಡಗು ಕಳಿಸೋದು ನಿಂತೇ ಹೋಯ್ತು, 1650ರಲ್ಲಿ ಕಂಪನಿಯನ್ನೇ ಮುಚ್ಚಿದ್ರು. ಹಂಗಂತ ಇಲ್ಲಿ ಕೋಟೆಯಲ್ಲಿ ಕೂತಿರೋರಿಗೆ ಯಾರಾದ್ರೂ ಹೇಳಬೇಕಲ್ಲ? ಹೇಳೋಕೂ ಹಡಗು ಬೇಕು! 1640ರ ದಶಕದ ಆರಂಭದಿಂದ 1669ರವರೆಗೆ, ಕಾಲು ಶತಮಾನಕ್ಕೂ ಜಾಸ್ತಿ, ಡೆನ್ಮಾರ್ಕಿಂದ ಒಂದೇ ಒಂದು ಹಡಗು ತರಂಗಂಬಾಡಿಗೆ ಬರಲಿಲ್ಲ. ಸಂಬಳ ಇಲ್ಲ, ಹುಕುಂ ಇಲ್ಲ, ಕಾಗದ ಇಲ್ಲ. ಇದ್ದವರು ಜ್ವರದಲ್ಲಿ ಒಬ್ಬೊಬ್ಬರೇ ಸತ್ತರು, ಕೆಲವರು ಬಿಟ್ಟು ಹೋದ್ರು. 1655ರ ಹೊತ್ತಿಗೆ ಕೋಟೆ ನೋಡ್ಕೊಳ್ಳೋಕೆ ಉಳಿದ ಡೇನ್ ಅಂದ್ರೆ ಎಸ್ಕಿಲ್ ಆಂಡರ್ಸನ್ ಕೋಂಗ್ಸ್‌ಬಾಕೆ ಒಬ್ಬನೇ. ದೊಡ್ಡ ಮನೆತನದವನಲ್ಲ, ಸಾಮಾನ್ಯ ಮನುಷ್ಯ, ಮೇಲಿನವರೆಲ್ಲ ಹೋದ್ಮೇಲೆ ಯಜಮಾನಿಕೆ ಅವನ ತಲೆಗೆ ಬಂತು.

ಅವನು ಏನು ಮಾಡಿದ ಅಂತೀರ? ಬಾವುಟ ಇಳಿಸಲಿಲ್ಲ. ಊರಿನ ಜನರನ್ನೇ ಕೆಲಸಕ್ಕಿಟ್ಕೊಂಡ, ಬಂಗಾಳ ಕೊಲ್ಲಿಯಲ್ಲಿ ಹೋಗೋ ಬರೋ ಹಡಗುಗಳನ್ನ ಹಿಡಿದು ಸರಕು ಮಾರಿದ, ಅಂದ್ರೆ ನೇರವಾಗಿ ಹೇಳೋದಾದ್ರೆ ಕಡಲ್ಗಳ್ಳತನ. ಆ ದುಡ್ಡಲ್ಲಿ ಕೋಟೆ ರಿಪೇರಿ ಮಾಡಿಸಿದ, ಬಾಡಿಗೆ ಬಾಕಿ ಕೊಡು ಅಂತ ನಾಯಕನ ಸೈನ್ಯ ಬಂದಾಗ ಊರ ಸುತ್ತ ಗೋಡೆನೇ ಕಟ್ಟಿಸಿದ, ಆಮೇಲೆ ನಾಯಕನ ಜೊತೆ ರಾಜಿನೂ ಮಾಡ್ಕೊಂಡ. ಡೆನ್ಮಾರ್ಕಿಗೆ ಕಾಗದ ಬರೀತಾನೇ ಇದ್ದ. ಕೊನೆಗೆ 1669ರಲ್ಲಿ ಫೇರೋ ಅನ್ನೋ ಹಡಗು ಬಂತು. ಬಂದವರಿಗೆ ಆಶ್ಚರ್ಯ, ಕೋಟೆ ಇದೆ, ಬಾವುಟ ಇದೆ, ಬಾವುಟದ ಕೆಳಗೆ ಒಬ್ಬ ಮನುಷ್ಯನೂ ಇದಾನೆ. ಅವನನ್ನೇ ಅಧಿಕೃತವಾಗಿ ಮುಖ್ಯಸ್ಥ ಅಂತ ನೇಮಿಸಿದ್ರು.

ನಾನು ಮ್ಯೂಸಿಯಂನ ಕಿಟಕಿ ಹತ್ರ ನಿಂತು ಇದನ್ನ ಚಿಕ್ಕಪ್ಪನಿಗೆ ಹೇಳ್ತಿದ್ದೆ. ಅವರು ಎಲ್ಲಾ ಕೇಳಿಸ್ಕೊಂಡು, "ಅಷ್ಟು ವರ್ಷ ಯಾವ ಭಾಷೇಲಿ ಮಾತಾಡ್ತಿದ್ನೋ ಅವನು?" ಅಂದ್ರು. ಅವರ ಪ್ರಶ್ನೆಗಳು ಹೀಗೇ, ಮಗ್ಗುಲಿಂದ ಬರ್ತವೆ. ನಾನು ಯೋಚನೆನೇ ಮಾಡಿರಲಿಲ್ಲ. ಸುತ್ತ ಇರೋರೆಲ್ಲ ತಮಿಳರು, ಕರಾವಳಿಯ ವ್ಯಾಪಾರಿಗಳ ಬಾಯಲ್ಲಿ ಆಗ ಪೋರ್ಚುಗೀಸ್, ತಂಜಾವೂರಿನ ಆಸ್ಥಾನದಲ್ಲಿ ತೆಲುಗು. ಡೇನಿಷ್ ಆಡೋಕೆ ಎದುರಿಗೆ ಒಬ್ಬನೂ ಇಲ್ಲ. ಅವನ ಡೈರಿ, ಅವನ ಕುರ್ಚಿ, ಅವನು ಊಟ ಮಾಡಿದ ತಟ್ಟೆ ಅಂತ ಆ ಪೆಟ್ಟಿಗೆಗಳಲ್ಲಿ ಏನೂ ಕಾಣಲಿಲ್ಲ ನನಗೆ. ಇರೋದು ಕತ್ತಿ, ಪಿಂಗಾಣಿ, ಟೀ ಜಾಡಿ, ಅಂದ್ರೆ ಹಡಗು ಸರಿಯಾಗಿ ಬರ್ತಿದ್ದ ಕಾಲದ ಸಾಮಾನು. ಹಡಗು ಬಾರದ ಕಾಲದ್ದು ಅಂತ ಏನನ್ನ ತಾನೇ ಇಡೋಕಾಗುತ್ತೆ? ಅದಕ್ಕೆ ನಾನು ಅಂದಿದ್ದು, ಇಂಥ ಮ್ಯೂಸಿಯಂಗಳನ್ನ ಒಳಗಷ್ಟೇ ನೋಡಿ ಬಂದ್ರೆ ಅರ್ಧನೇ ನೋಡಿದ ಹಾಗೆ. ಅವನು ಕಾಯ್ತಾ ನಿಂತಿದ್ದ ಸಮುದ್ರ ಅದೇ ಕಿಟಕಿಯಾಚೆ ಇದೆ.

ಕಾವಲಿಗಿದ್ದ ಅಣ್ಣ ಒಬ್ಬರು ನಮ್ಮ ಕಿಟಕಿ ವ್ಯಾಮೋಹ ನೋಡಿ ಹತ್ರ ಬಂದ್ರು. "ಎಂದ ಊರ್ ಸಾರ್?" ಬೆಂಗಳೂರು ಅಂದ್ವಿ (ಮೈಸೂರು ಅಂದ್ರು ಚಿಕ್ಕಪ್ಪ, ಆ ವಿಷಯದಲ್ಲಿ ಅವರು ರಾಜಿ ಇಲ್ಲ). ನನ್ನ ತಮಿಳು ಅರ್ಧಂಬರ್ಧ, ಅವರಿಗೆ ಕನ್ನಡ ಸಿನಿಮಾ ಅಂದ್ರೆ ಒಂದೆರಡು ಹೀರೋ ಹೆಸರು, ಹೇಗೋ ಮಾತು ನಡೀತು. ಕೈ ತೋರಿಸಿ ಹೇಳಿದ್ರು, ಅಗೋ ಅಲ್ಲಿ ಕಲ್ಲು ಬಂಡೆ ಹಾಕಿದಾರಲ್ಲ, ಅದರಾಚೆನೂ ಊರಿತ್ತಂತೆ, ನಮ್ಮ ತಾತನ ತಾತ ಹೇಳ್ತಿದ್ರಂತೆ. ಅದು ಬರೀ ತಾತನ ಕಥೆ ಅಲ್ಲ. ಕೋಟೆ ಪಕ್ಕದಲ್ಲೇ ಕಡಲಿಗೆ ತಾಗಿದ ಹಾಗೆ ಮಾಸಿಲಾಮಣಿನಾಥರ್ ದೇವಸ್ಥಾನ ಇದೆ, ಮಾರವರ್ಮನ್ ಕುಲಶೇಖರ ಪಾಂಡ್ಯನ ಕಾಲದ್ದು, 14ನೇ ಶತಮಾನದ ಶುರುವಿನದ್ದು, ಅಂದ್ರೆ ಡೇನರು ಬರೋ ಮುಂಚೆ ಮುನ್ನೂರು ವರ್ಷದಿಂದ ಅಲ್ಲಿದೆ. ಅದರ ಮುಂಭಾಗ ಸಮುದ್ರದ ಪಾಲಾಗಿದೆ. ಡೇನರ ಹಳೇ ನಕ್ಷೆಗಳಲ್ಲಿ ನೋಡಿದ್ರೆ ಅದೇ ದೇವಸ್ಥಾನ ದಡದಿಂದ ಎಷ್ಟೋ ಒಳಗಿದೆ.

2004ರ ಸುನಾಮಿ ಬಗ್ಗೆ ನಾವು ಕೇಳಲಿಲ್ಲ. ಅವರೇ ಎತ್ತಿದ್ರು, ಎತ್ತಿ ಅಲ್ಲೇ ಬಿಟ್ರು. ಆಗ ಈ ಊರು ನಾಗಪಟ್ಟಿಣಂ ಜಿಲ್ಲೆಯಲ್ಲಿತ್ತು, ತಮಿಳುನಾಡಲ್ಲಿ ಅತಿ ಹೆಚ್ಚು ಜನ ಸತ್ತಿದ್ದು ಆ ಜಿಲ್ಲೆಯಲ್ಲೇ, ಆರು ಸಾವಿರಕ್ಕೂ ಮೇಲೆ. ಕೋಟೆ ನಿಂತಿತು, ಪಕ್ಕದ ಮೀನುಗಾರರ ಮನೆಗಳು ನಿಲ್ಲಲಿಲ್ಲ. ಅಣ್ಣ "ಅಂದು ಭಾನುವಾರ" ಅಂತಷ್ಟೇ ಅಂದು, ಒಳಗೆ ಬಂದ ಕಾಲೇಜ್ ಹುಡುಗರಿಗೆ ಗಾಜು ಮುಟ್ಟಬೇಡಿ ಅಂತ ಹೇಳೋಕೆ ಹೋದ್ರು.

ಚಿಕ್ಕಪ್ಪನ ವಿಷಯಕ್ಕೆ ಬರ್ತೀನಿ, ಇಲ್ಲಾಂದ್ರೆ ಓದಿದ ಮೇಲೆ ಫೋನ್ ಮಾಡಿ ಬೈತಾರೆ. ಕೋಟೆಯಿಂದ ಹೊರಗೆ ಬಂದ್ರೆ ನೇರ ಕಿಂಗ್ ಸ್ಟ್ರೀಟ್. ಆ ತುದೀಲಿ 1792ರ ಊರ ಬಾಗಿಲು, ಬಿಳೀ ಬಣ್ಣದ್ದು, ಮೇಲೆ ಡೇನಿಷ್ ರಾಜಮುದ್ರೆ. ಇದೇ ಬೀದೀಲಿ 1701ರ ಝಯಾನ್ ಚರ್ಚು, 1718ರ ನ್ಯೂ ಜೆರುಸಲೆಂ ಚರ್ಚು. ಎರಡನೇದನ್ನ ಕಟ್ಟಿಸಿದವನು ಬಾರ್ತೊಲೊಮೇಯಸ್ ಸೀಗನ್‌ಬಾಲ್ಗ್, ಜರ್ಮನಿಯವನು, 1706ರ ಜುಲೈ 9ರಂದು ಪ್ಲುಟ್ಷೌ ಅನ್ನೋ ಜೊತೆಗಾರನ ಜೊತೆ ಇಲ್ಲಿ ಇಳಿದ. ಡೆನ್ಮಾರ್ಕಿನ ರಾಜ ಕಳಿಸಿದ ಪಾದ್ರಿ, ಆದ್ರೆ ಇಲ್ಲಿನ ಡೇನಿಷ್ ಅಧಿಕಾರಿಗೆ ಅವನನ್ನ ಕಂಡ್ರೆ ಆಗ್ತಿರಲಿಲ್ಲ, ವ್ಯಾಪಾರಕ್ಕೆ ಬಂದವರಿಗೆ ಧರ್ಮ ಹರಡೋಕೆ ಬಂದವನು ತಲೆನೋವು. ಜಗಳ ಜೋರಾಗಿ 1708ರ ಕೊನೇಲಿ ಅವನನ್ನ ಇದೇ ಡ್ಯಾನ್ಸ್‌ಬೋರ್ಗಲ್ಲಿ ನಾಲ್ಕು ತಿಂಗಳು ಕೂಡಿಹಾಕಿದ್ರು.

ಧರ್ಮಪ್ರಚಾರದ ಬಗ್ಗೆ ಯಾರಿಗೆ ಏನು ಅಭಿಪ್ರಾಯ ಇದ್ರೂ ಇರಲಿ, ಆ ಮನುಷ್ಯ ತಮಿಳು ಕಲಿತ ರೀತಿ ಮಾತ್ರ ಒಪ್ಪಬೇಕು. ಪಾಠಶಾಲೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಮರಳಲ್ಲಿ ಬೆರಳಿಂದ ಅಕ್ಷರ ತಿದ್ದಿದ. ಓಲೆಗರಿ ಪುಸ್ತಕಗಳನ್ನ ಗುಡ್ಡೆ ಹಾಕಿಕೊಂಡು ಓದಿದ. ಇಲ್ಲಿನ ದೇವರುಗಳ ಬಗ್ಗೆ 1713ರಲ್ಲಿ ಒಂದು ದೊಡ್ಡ ಪುಸ್ತಕ ಬರೆದು ಜರ್ಮನಿಯ ಹಾಲೆಗೆ ಕಳಿಸಿದ್ರೆ, ನಿನ್ನನ್ನ ಕಳಿಸಿದ್ದು ಇದಕ್ಕಲ್ಲ ಅನ್ನೋ ಧಾಟೀಲಿ ಅಲ್ಲಿನವರು ಅದನ್ನ ಮೂಲೆಗೆ ಹಾಕಿದ್ರು. ಅದು ಅಚ್ಚಾಗಿದ್ದು 1867ರಲ್ಲಿ, ಮದ್ರಾಸಲ್ಲಿ. ಬರೆದವನು 1719ರಲ್ಲೇ, ಮೂವತ್ತಾರನೇ ವಯಸ್ಸಿಗೆ ತೀರಿಕೊಂಡಿದ್ದ. ಅವನ ಸಮಾಧಿ ಅದೇ ಚರ್ಚಿನ ಒಳಗಿದೆ.

ಇನ್ನು ಪ್ರೆಸ್ಸು. ಇಂಗ್ಲೆಂಡಿಂದ ಒಂದು ಪ್ರಿಂಟಿಂಗ್ ಪ್ರೆಸ್ ಕಳಿಸಿದ್ರು, ಅದನ್ನ ನಡೆಸೋಕೆ ಒಬ್ಬ ಪ್ರಿಂಟರನ್ನೂ ಜೊತೆಗೆ. ಹಡಗನ್ನ ಬ್ರೆಜಿಲ್ ಹತ್ರ ಫ್ರೆಂಚರು ಹಿಡಿದ್ರು, ದುಡ್ಡು ಕೊಟ್ಟು ಬಿಡಿಸ್ಕೋಬೇಕಾಯ್ತು, ಮುಂದೆ ಆಫ್ರಿಕಾದ ತುದಿ ಹತ್ರ ಬರೋ ಹೊತ್ತಿಗೆ ಪ್ರಿಂಟರ್ ಜ್ವರ ಬಂದು ಸತ್ತೇ ಹೋದ. 1712ರಲ್ಲಿ ಪ್ರೆಸ್ ಮಾತ್ರ ಬಂತು. ಅದೃಷ್ಟಕ್ಕೆ ಇಲ್ಲಿನ ಸಿಪಾಯಿಗಳಲ್ಲೇ ಅಚ್ಚಿನ ಕೆಲಸ ಗೊತ್ತಿದ್ದವನು ಒಬ್ಬ ಸಿಕ್ಕ. ಮಾರನೇ ವರ್ಷ ಹಾಲೆಯಿಂದ ತಮಿಳು ಮೊಳೆಗಳು ಬಂದವು. ಅವು ತೀರಾ ದಪ್ಪ.

ಇಲ್ಲಿಗೆ ಬಂದಾಗ ಚಿಕ್ಕಪ್ಪ ನನ್ನ ಮಾತು ನಿಲ್ಲಿಸಿ ರಸ್ತೆ ಮಧ್ಯೆನೇ ನಿಂತ್ಕೊಂಡ್ರು. "ದಪ್ಪ ಇದ್ದೇ ಇರ್ತವಪ್ಪ. ಬರೋದಿಲ್ಲದ ಲಿಪೀನ ಕೊರೆಯೋನು ಮೊದಲು ದಪ್ಪಾನೇ ಕೊರೀತಾನೆ, ಸುಳಿ ಎಲ್ಲಿ ತಿರುಗುತ್ತೆ ಅಂತ ಕೈಗೆ ಗೊತ್ತಿರಲ್ಲ. ಕೈ ಪಳಗಿದ್ಮೇಲೇ ಸಣ್ಣ ಮೊಳೆ." ಆಮೇಲೆ ಲೆಕ್ಕ ಶುರು ಮಾಡಿದ್ರು, ದಪ್ಪ ಮೊಳೆ ಅಂದ್ರೆ ಪುಟಕ್ಕೆ ಸಾಲು ಕಡಿಮೆ, ಸಾಲು ಕಡಿಮೆ ಅಂದ್ರೆ ಕಾಗದ ಜಾಸ್ತಿ, ಕಾಗದ ಬರಬೇಕಾದ್ದು ಹಡಗಲ್ಲಿ, ಮುಗೀತಲ್ಲ ಕಥೆ! ಅವರ ಲೆಕ್ಕ ಸರಿಯಾಗೇ ಇತ್ತು. ನಿಜವಾಗಿ ಆಗಿದ್ದೂ ಅದೇ, ಕಾಗದ ಸಾಲದೆ ಇಲ್ಲೇ ಸಣ್ಣ ಮೊಳೆ ಎರಕ ಹೊಯ್ಯೋಕೆ ಶುರು ಮಾಡಿದ್ರು, ಪಕ್ಕದ ಪೊರೈಯಾರ್ ಕಡೆ ಕಾಗದದ ಕಾರ್ಖಾನೆನೂ ಹಾಕಿದ್ರು. ಸೀಸಕ್ಕೆ ಏನು ಮಾಡಿದ್ರು ಗೊತ್ತಾ, ಇಂಗ್ಲೆಂಡಿಂದ ಬಂದ ಚೀಸ್ ಡಬ್ಬಿಗಳ ಸೀಸದ ಮುಚ್ಚಳ ಕರಗಿಸಿದ್ರು ಅಂತ ಒಂದು ಕಥೆ ಇದೆ. ಇದನ್ನ ಕೇಳಿ ಚಿಕ್ಕಪ್ಪ ನಕ್ಕಿದ್ದು ನಕ್ಕಿದ್ದೇ. ಅವರ ಪ್ರೆಸ್ಸಲ್ಲೂ ಸವೆದ ಮೊಳೆಗಳನ್ನ ಕೆಜಿ ಲೆಕ್ಕದಲ್ಲಿ ಫೌಂಡ್ರಿಗೆ ಹಾಕಿ ಹೊಸದು ತರ್ತಿದ್ರಂತೆ, ಒತ್ತಕ್ಷರದ ಮೊಳೆಗಳು ಮಾತ್ರ ಬೇಗ ಸವೆಯೋದಿಲ್ವಂತೆ, ಮುರಿಯೋದಂತೆ. ಎಷ್ಟು ವರ್ಷದಿಂದ ಅವರ ಮನೆಗೆ ಹೋಗ್ತಿದೀನಿ, ಇದನ್ನ ಒಂದು ದಿನನೂ ಕೇಳಿರಲಿಲ್ಲ.

1714-15ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ತಮಿಳಲ್ಲಿ ಇಲ್ಲಿ ಅಚ್ಚಾಯ್ತು. ತಮಿಳಲ್ಲಿ ಅಚ್ಚಾದ ಮೊದಲ ಪುಸ್ತಕ ಇದೇನಲ್ಲ, ಕೊಲ್ಲಂನಲ್ಲಿ ಪೋರ್ಚುಗೀಸ್ ಪಾದ್ರಿಗಳು 1578ರಲ್ಲೇ ಒಂದು ಪುಟ್ಟ ಪುಸ್ತಕ ಹಾಕಿದ್ರು. ಸೀಗನ್‌ಬಾಲ್ಗ್ ಇದ್ದ ಮನೆಯನ್ನ ರಿಪೇರಿ ಮಾಡಿ 2017ರಲ್ಲಿ ಮ್ಯೂಸಿಯಂ ಮಾಡಿದಾರೆ, ಅಲ್ಲಿ ಚಿಕ್ಕಪ್ಪನನ್ನ ಬಿಟ್ಟು ನಾನು ಕೋಟೆ ಕಡೆ ಇನ್ನೊಂದು ಸುತ್ತು ಹೋಗಿ ಬಂದೆ. ವಾಪಸ್ ಬಂದಾಗ ಅವರು ಯಾರೋ ಶಾಲೆ ಹುಡುಗಿಗೆ, ಎಡದಿಂದ ಬಲಕ್ಕೆ ಓದೋದನ್ನ ಮೊಳೇಲಿ ಹೇಗೆ ತಲೆಕೆಳಗಾಗಿ ಜೋಡಿಸ್ತಾರೆ ಅಂತ ಕನ್ನಡದಲ್ಲಿ ವಿವರಿಸ್ತಾ ಇದ್ರು, ಆ ಹುಡುಗಿ ತಮಿಳಲ್ಲಿ ಹೂಂಗುಡ್ತಾ ಇತ್ತು.

ಊರಲ್ಲಿ ಸುತ್ತಾಡ್ತಾ ಇದ್ರೆ ಒಂದು ವಿಚಿತ್ರ ಅನ್ಸುತ್ತೆ, ಇಷ್ಟು ದೊಡ್ಡ ಕಥೆಗಳ ಊರು ಯಾಕಿಷ್ಟು ಸಪ್ಪೆ ಅಂತ. ಪಾಂಡಿಚೇರಿ ಥರ ಕೆಫೆ ಇಲ್ಲ, ಬಾಡಿಗೆ ಸ್ಕೂಟರ್ ಇಲ್ಲ, ಸಂಜೆ ಹುಡುಗರು ಕೋಟೆ ಮುಂದಿನ ಬಯಲಲ್ಲಿ ಕ್ರಿಕೆಟ್ ಆಡ್ತಾರೆ, ಹೆಂಗಸರು ಮೀನು ಒಣಗಿಸ್ತಾರೆ, ಒಂದು ಹೋಟೆಲ್ಲು, ಒಂದೆರಡು ಟೀ ಅಂಗಡಿ. ಇಂಗ್ಲಿಷರ ಕೈಗೆ ಬಂದ ಮೇಲೆ ಕೆಲವು ವರ್ಷ ತಂಜಾವೂರು ಜಿಲ್ಲೆಯ ಕಲೆಕ್ಟರ್ ಇಲ್ಲೇ ಕೂರ್ತಿದ್ರು. 1860ರ ಹೊತ್ತಿಗೆ ಅದನ್ನ ತಂಜಾವೂರಿಗೆ ಎತ್ಕೊಂಡು ಹೋದ್ರು, ಮಾರನೇ ವರ್ಷ ರೈಲು ಬಂದಿದ್ದು ನಾಗಪಟ್ಟಿಣಕ್ಕೆ. ವ್ಯಾಪಾರ ಅದರ ಹಿಂದೆನೇ ಹೋಯ್ತು. ಊರು ಹಾಗೇ ಉಳೀತು, ಕೆಡವಿ ದೊಡ್ಡದು ಕಟ್ಟೋಷ್ಟು ದುಡ್ಡು ಯಾರ ಹತ್ರನೂ ಇರಲಿಲ್ಲವಾದ್ದರಿಂದ ಬೀದಿಗಳೂ ಹಾಗೇ ಉಳಿದವು. ನನಗೆ ಈ ಸಪ್ಪೆತನವೇ ಹಿಡಿಸಿತು. ಹಿಡಿಸಿತು ಅಂತ ಬೆಂಗಳೂರಲ್ಲಿ ಕೂತು ಬರೆಯೋದು ಸುಲಭ, ಅಲ್ಲಿ ಕೆಲಸ ಹುಡುಕೋ ಹುಡುಗರಿಗೆ ಕೇಳಿದ್ರೆ ಬೇರೆನೇ ಹೇಳ್ತಾರೆ, ಅದೂ ಗೊತ್ತಿದೆ.

ಇನ್ನೊಂದು ವಿಷಯ ಅಲ್ಲಿದ್ದಷ್ಟೂ ಹೊತ್ತು ಕೊರೀತಾನೇ ಇತ್ತು. ನಮ್ಮ ಕುಮಟಾ ಹತ್ರ ಮಿರ್ಜಾನ್ ಕೋಟೆ ಇದೆಯಲ್ಲ, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಅಂಟ್ಕೊಂಡಿರೋದು, ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ಅದೇ ರಾಣಿ. ಅಲ್ಲಿ 2000-01ರಲ್ಲಿ ಅಗೆದಾಗ ಪೋರ್ಚುಗೀಸರ 1652ರ ಚಿನ್ನದ ನಾಣ್ಯ, ಫಿರಂಗಿ ಗುಂಡು, ಜೊತೆಗೆ ಚೀನಾ ಪಿಂಗಾಣಿ ಸಿಕ್ಕಿತ್ತು. ಚೀನಾ ಪಿಂಗಾಣಿ! ಅಂದ್ರೆ ತರಂಗಂಬಾಡಿಯ ಗಾಜಿನ ಪೆಟ್ಟಿಗೇಲಿ ಇರೋಂಥದ್ದೇ ಸರಕು ನಮ್ಮ ಅಘನಾಶಿನಿ ದಂಡೆಗೂ ಬಂದಿತ್ತು. ಮಿರ್ಜಾನ್‌ಗೆ ನಾನು ಹೋಗಿದ್ದು ಮಳೆಗಾಲದಲ್ಲಿ, ಗೋಡೆ ಮೇಲೆಲ್ಲ ಹಸಿರು ಹುಲ್ಲು, ಪ್ರೀ-ವೆಡ್ಡಿಂಗ್ ಶೂಟಿಗೆ ಬಂದ ಎರಡು ಜೋಡಿ, ನೋಡೋಕೆ ಬಲು ಚೆಂದ, ಆದ್ರೆ ಅಲ್ಲಿ ನಿಂತವನಿಗೆ ಇದು ಮೆಣಸಿನ ಕೋಟೆ, ಇಲ್ಲಿಂದ ಹಡಗು ಎಲ್ಲೆಲ್ಲಿಗೆ ಹೋಗ್ತಿತ್ತು ಅನ್ನೋದು ಕಲ್ಲು ನೋಡಿ ಗೊತ್ತಾಗಲ್ಲ. ಬಸ್ರೂರಲ್ಲೂ ಅಷ್ಟೇ, ಹೊನ್ನಾವರದಲ್ಲೂ ಅಷ್ಟೇ. ದೊಡ್ಡ ಮ್ಯೂಸಿಯಂ ಯಾರೂ ಕೇಳ್ತಿಲ್ಲ. ಒಂದು ರೂಮು, ನಾಲ್ಕು ಪೆಟ್ಟಿಗೆ, ಆ ನೆಲದಲ್ಲಿ ಸಿಕ್ಕ ನಾಲ್ಕು ಪಿಂಗಾಣಿ ಚೂರು, ಕಿಟಕಿ ಇರಲಿ ಹೊಳೆ ಕಾಣೋ ಹಾಗೆ, ಮತ್ತೆ ಎಂದ ಊರು ಅಂತ ಕೇಳೋ ಒಬ್ಬ ಮನುಷ್ಯ. ಮೈಸೂರಿನ ಅರಮನೆಗೆ ಬಸ್ಸಲ್ಲಿ ಕರ್ಕೊಂಡು ಹೋಗೋ ಕುಮಟಾದ ಶಾಲೆ ಮಕ್ಕಳನ್ನ ಅರ್ಧ ದಿನ ಅಲ್ಲಿಗೂ ಕರ್ಕೊಂಡು ಹೋಗಬಹುದು.

ಡೇನರು ಕೊನೆಗೆ ಊರನ್ನ ಮಾರಿದ್ರು. ಯುದ್ಧದಲ್ಲಿ ಸೋತಲ್ಲ, ಮಾರಿದ್ದು, ಸೈಟ್ ಮಾರೋ ಹಾಗೆ. 1845ರಲ್ಲಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷ್ ಕಂಪನಿಗೆ ಬರ್ಕೊಟ್ರು. ಊರು ಮಾರೋದು ನಮಗೇನು ಹೊಸದಲ್ಲ ಬಿಡಿ, ನಾಯಕರ ನಂತರ ತಂಜಾವೂರನ್ನ ಹಿಡಿದು ಇದೇ ಡೇನರ ಹತ್ರ ಬಾಡಿಗೆ ತಗೊಂಡ ಏಕೋಜಿ ಬೆಂಗಳೂರಿಂದಲೇ ಹೋದವನು, ಬಿಟ್ಟುಬಂದ ಬೆಂಗಳೂರನ್ನ ಮೂರು ಲಕ್ಷಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರೋಕೆ ಮಾತುಕತೆ ನಡೆಸಿದ್ದ. ಆದ್ರೆ ಆ 1845ರ ಕ್ರಯದಲ್ಲಿ ನಾನು ಗಮನಿಸದೇ ಇದ್ದಿದ್ದು ಒಂದಿತ್ತು, ಟೀ ಅಂಗಡೀಲಿ ಕೂತು ಚಿಕ್ಕಪ್ಪ ಕೇಳಿದ ಮೇಲೇ ಅದರ ಕಡೆ ತಲೆ ಓಡಿದ್ದು. ಹನ್ನೆರಡೂವರೆ ಲಕ್ಷ ಈ ಒಂದು ಊರಿಗಾ, ಅಂತ ಅವರು ಕೇಳಿದ್ರು. ಅಲ್ಲ. ಬಂಗಾಳದಲ್ಲಿ ಹೂಗ್ಲಿ ನದಿ ದಂಡೇಲಿ ಡೇನರದ್ದು ಇನ್ನೊಂದು ಊರಿತ್ತು, 1755ರಿಂದ, ಫ್ರೆಡರಿಕ್ಸ್‌ನಗರ ಅಂತ ಅವರು ಕರೀತಿದ್ರು. ಎರಡನ್ನೂ ಸೇರಿಸೇ ಮಾರಿದ್ದು. ಆ ಊರಿನ ಇನ್ನೊಂದು ಹೆಸರು ಶ್ರೀರಾಂಪುರ.

ಶ್ರೀರಾಂಪುರ ಅಂದ ತಕ್ಷಣ ಚಿಕ್ಕ‍ಪ್ಪ ಲೋಟ ಕೆಳಗಿಟ್ರು. "ಕೇರಿಯ ಶ್ರೀರಾಂಪುರವಾ?"

ಅದೇ. ವಿಲಿಯಂ ಕೇರಿ. ಇಂಗ್ಲಿಷ್ ಕಂಪನಿ ತನ್ನ ಜಾಗದಲ್ಲಿ ಮಿಷನರಿಗಳನ್ನ ಸೇರಿಸ್ಕೊಳ್ತಿರಲಿಲ್ಲವಾದ್ದರಿಂದ 1800ರಲ್ಲಿ ಡೇನರ ಊರಿಗೆ ಹೋಗಿ ಪ್ರೆಸ್ ಹಾಕ್ಕೊಂಡವನು. ಕನ್ನಡ ಅಕ್ಷರಗಳು ಮೊಳೆಯಲ್ಲಿ ಅಚ್ಚಾದ ತೀರಾ ಮೊದಮೊದಲ ಪುಸ್ತಕಗಳಲ್ಲಿ ಒಂದಾದ ಅವನ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲೇ ಹೊರಬಂತು. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ಬಂದಿದ್ದು 1834ರಲ್ಲಿ, ಮಂಗಳೂರ ಸಮಾಚಾರ ಪತ್ರಿಕೆ ಶುರುವಾಗಿದ್ದು 1843ರಲ್ಲಿ, "ಅದೂ ಮೊಳೇಲಿ ಅಲ್ಲ, ಕಲ್ಲಚ್ಚು" ಅಂತ ಚಿಕ್ಕಪ್ಪ ಸೇರಿಸಿದ್ರು. ಕನ್ನಡದ ಕ, ಖ, ಗ ಮೊದಮೊದಲು ಸೀಸದಲ್ಲಿ ನಿಂತಿದ್ದು ಕನ್ನಡ ನಾಡಲ್ಲಲ್ಲ, ಬಂಗಾಳದಲ್ಲಿ, ಅದೂ ಡೆನ್ಮಾರ್ಕಿನ ಬಾವುಟದ ಕೆಳಗೆ. ಪರೀಕ್ಷೆಗೆ ಕೇಳಲ್ಲ ಅಂತ ಮೇಷ್ಟ್ರು ಬಿಟ್ಟಿದ್ದ ಆ ಒಂದು ಸಾಲಿನ ಡೇನರು.

ಚಿಕ್ಕಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಕೇಳಿದ್ದು ಒಂದೇ, "ಆ ವ್ಯಾಕರಣದ ಒತ್ತಕ್ಷರ ಹೇಗಿತ್ತೋ ನೋಡಬೇಕಲ್ಲ." ಫೋನಲ್ಲಿ ಹುಡುಕಿ ತೋರಿಸ್ತೀನಿ ಅಂದೆ, ಸ್ಕ್ಯಾನ್ ಮಾಡಿದ್ದು ಸಿಗುತ್ತೆ. ಬೇಡ, ಫೋನಲ್ಲಿ ನೋಡಿದ್ರೆ ಒತ್ತಿರೋದು ಕಾಣಲ್ಲ, ಕಾಗದದ ಹಿಂದೆ ಬೆರಳಾಡಿಸಿದ್ರೆ ಗೊತ್ತಾಗೋದು ಅಂದ್ರು. ಬೆರಳಾಡಿಸೋಕೆ ಯಾರು ಬಿಡ್ತಾರೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬದಲಿಗೆ ರಾತ್ರಿ ರೈಲಲ್ಲಿ ಅಪ್ಪರ್ ಬರ್ತಿಂದ ತಲೆ ಕೆಳಗೆ ಹಾಕಿ, ಶ್ರೀರಾಂಪುರಕ್ಕೆ ಹೌರಾದಿಂದ ಲೋಕಲ್ ಟ್ರೈನ್ ಇದೆಯಂತೆ, ಮೈಸೂರಿಂದ ಹೌರಾಗೆ ನೇರ ರೈಲಿದ್ಯಾ ನೋಡು ಅಂತ ಕೇಳಿದ್ರು. ಈಗ ಮನೇಲಿ ಅದೇ ಮಾತುಕತೆ ನಡೀತಿದೆ. ಚಿಕ್ಕಮ್ಮ ಒಪ್ಪಿದಾರೆ, ಆದ್ರೆ ಪುರಿ ಜಗನ್ನಾಥನನ್ನ ಮೊದಲು ನೋಡ್ಕೊಂಡೇ ಮುಂದಕ್ಕೆ ಅಂತ ಷರತ್ತು ಹಾಕಿದಾರೆ. ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟಲ್ಲಿದೆ.